ಹೆಂಗಸರಿಗೆ ಜಾಗವಿಲ್ಲದ ಪಡೆಯಲ್ಲಿ

ಬಂಡೆಯ ಮೇಲೆ ಮನುಷ್ಯರು ಹಿಮ್ಮುಖವಾಗಿ ನಡೆದು ಇಳಿಯುವುದನ್ನು ನಾನು ಮೊದಲು ಕಂಡದ್ದು ಅತ್ತಿಗುಂಡಿಯಲ್ಲಿ. ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ನಾನಿನ್ನೂ ಹೈಸ್ಕೂಲಿಗೆ ಸೇರಿರಲಿಲ್ಲ. ಅಲ್ಲಿ ನನ್ನ ಸೋದರಮಾವನದು ಒಂದು ಸಣ್ಣ ಕಾಫಿ ತೋಟವಿತ್ತು. ಬೇಸಿಗೆ ರಜೆ ಶುರುವಾದದ್ದೇ ತಡ, ಅಮ್ಮ ನನ್ನನ್ನೂ ಅಣ್ಣನನ್ನೂ ಮೂಡಿಗೆರೆಯಿಂದ ಬಸ್ಸು ಹತ್ತಿಸಿ ಅಲ್ಲಿಗೆ ಕಳಿಸಿಬಿಡುತ್ತಿದ್ದಳು. ಮಾವನ ಮನೆಯ ಮೇಲ್ಗಡೆ ರಸ್ತೆ, ರಸ್ತೆಯ ಆಚೆ ಒಂದು ದೊಡ್ಡ ಬಂಡೆ. ಆ ಬಂಡೆಗೆ ಒಂದು ಬೆಳಿಗ್ಗೆ ಹಗ್ಗಗಳು ಜೋತುಬಿದ್ದಿದ್ದವು. ಕಾಡಿನ ಬಣ್ಣದ ಬಟ್ಟೆ ತೊಟ್ಟವರು ಒಬ್ಬರ ಹಿಂದೊಬ್ಬರು, ಆಕಾಶಕ್ಕೆ ಮುಖ ಮಾಡಿ, ಬಂಡೆಯನ್ನು ಕಾಲಿನಿಂದ ಒದ್ದು ಒದ್ದು ಇಳಿಯುತ್ತಿದ್ದರು. ಬೆಂಗಳೂರಿನ ಕಡೆಯಿಂದ ತರಬೇತಿಗೆ ಬಂದ ಕಮಾಂಡೊ ಪೊಲೀಸರು ಎಂದು ಮಾವ ಹೇಳಿದರು.

ಮಾವ ಅತಿಥಿ ಸತ್ಕಾರದ ಮನುಷ್ಯ. ಒಂದು ಕ್ಯಾನಿನ ತುಂಬ ಕಾಫಿ ಮಾಡಿಸಿ ಕಳಿಸಿದರು. ಲೋಟಗಳ ಬುಟ್ಟಿ ಹೊತ್ತುಕೊಂಡು ನಾನೂ ಹೋದೆ. ಒಬ್ಬರು ಬಂಡೆಯ ಬುಡದಲ್ಲಿ ಕೂತು ಹಗ್ಗ ಸುತ್ತುತ್ತಿದ್ದರು. ಅವರ ಸೊಂಟದಲ್ಲಿದ್ದ ಕಬ್ಬಿಣದ ಕೊಂಡಿ ಬಿಸಿಲಿಗೆ ಮಿಂಚುತ್ತಿತ್ತು. ನಾನು ಲೋಟ ಕೊಡುತ್ತಾ ಕೇಳಿಯೇಬಿಟ್ಟೆ:

"ಇದಕ್ಕೆ ಹುಡುಗೀರನ್ನ ಸೇರಿಸ್ಕೊಳ್ತಾರಾ?"

ಸುತ್ತ ಇದ್ದವರೆಲ್ಲ ನಕ್ಕರು. ಅವರು ನಗಲಿಲ್ಲ. ಕಾಫಿ ಒಂದು ಗುಟುಕು ಕುಡಿದು, "ಈಗ ಸೇರಿಸ್ಕೊಳ್ಳಲ್ಲಮ್ಮ. ಆದ್ರೆ ನಂಗೆ ಗೊತ್ತಿರೋದು ಈಗಿಂದು ಮಾತ್ರ," ಅಂದರು. ಆ ಕೊಂಡಿಯನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, ಅದು ಹೇಗೆ ತೆರೆಯುತ್ತದೆ, ಹೇಗೆ ತಾನಾಗಿ ಮುಚ್ಚಿಕೊಳ್ಳುತ್ತದೆ ಎಂದು ತೋರಿಸಿದರು. ಅವರು ಯಾರು, ಎಲ್ಲಿಯವರು ಎಂದು ನಾನು ಕೇಳಲಿಲ್ಲ. ಮತ್ತೆಂದೂ ಅವರನ್ನು ನೋಡಲೂ ಇಲ್ಲ. ಬೇರೆಯವರ ಹಾಗೆ ನಕ್ಕುಬಿಟ್ಟಿದ್ದರೆ ಆ ಆಸೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಅವರು ಹನ್ನೆರಡರ ಹುಡುಗಿಗೆ ದೊಡ್ಡವರಿಗೆ ಕೊಡುವ ಉತ್ತರವನ್ನೇ ಕೊಟ್ಟರು. ನನ್ನ ಋಣಗಳ ಲೆಕ್ಕ ಅಲ್ಲಿಂದ ಶುರು.

ಮೂಡಿಗೆರೆಯ ಪೇಟೆ ಬೀದಿಯಲ್ಲಿ ನಮ್ಮ ಅಪ್ಪನ ಅಂಗಡಿ. ಹಗ್ಗ, ಟಾರ್ಪಾಲು, ಗಮ್‌ಬೂಟು, ಕತ್ತಿ, ಕಾಫಿ ಕೊಯ್ಯುವ ಬುಟ್ಟಿ, ಔಷಧಿ ಹೊಡೆಯುವ ಕ್ಯಾನು, ಹೀಗೆ ಎಸ್ಟೇಟಿಗೆ ಬೇಕಾದ್ದೆಲ್ಲ ಅಲ್ಲಿ ಸಿಗುತ್ತಿತ್ತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ಅಪ್ಪ ಅಂಗಡಿಯ ಬಾಗಿಲು ತೆಗೆಯುತ್ತಿದ್ದರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳು, ಮೇಸ್ತ್ರಿಗಳು ಬಂದು ನಿಂತು ಹಗ್ಗ ಎಳೆದು ನೋಡಿ, "ಇದು ಮಳೆಗಾಲಕ್ಕೆ ತಡೀತದಾ?" ಎಂದು ಕೇಳುವುದು, ಅಪ್ಪ "ತಡೀದಿದ್ರೆ ವಾಪಸ್ ತಗೊಂಡ್ಬಾ ಮಾರಾಯ," ಅನ್ನುವುದು, ಇವು ನಮ್ಮ ಮನೆಯ ದಿನನಿತ್ಯದ ಮಾತುಗಳು.

ಅಂಗಡಿಯ ಹಿಂದೆ ಗೋಡೌನು. ಹೈಸ್ಕೂಲಿನ ದಿನಗಳಲ್ಲಿ ನಾನು ಅಲ್ಲಿನ ತೊಲೆಗೆ ಒಂದು ದಪ್ಪ ಹಗ್ಗ ಕಟ್ಟಿ, ಅಪ್ಪ ಸಂತೆಗೆ ಹೋದಾಗ ಹತ್ತುವುದನ್ನು ಕಲಿಯತೊಡಗಿದೆ. ಮೊದಮೊದಲು ಅಂಗೈ ಸುಲಿದು ಊಟದ ಹೊತ್ತಿಗೆ ಸಾರು ತಾಗಿದರೆ ಉರಿಯುತ್ತಿತ್ತು. ಒಂದು ದಿನ ನಾನು ಹಗ್ಗದ ತುದಿಯಲ್ಲಿ ನೇತಾಡುತ್ತಿದ್ದಾಗಲೇ ಅಪ್ಪ ಒಳಗೆ ಬಂದರು. ಇಳಿಯಲೂ ಆಗದೆ ಇರಲೂ ಆಗದೆ ಹಾಗೆಯೇ ಇದ್ದೆ. ಅಪ್ಪ ತಲೆಯೆತ್ತಿ ಮೊದಲು ನೋಡಿದ್ದು ನನ್ನನ್ನಲ್ಲ, ತೊಲೆಯನ್ನು.

"ಆ ತೊಲೆ ಗೆದ್ದಲು ತಿಂದಿದೆ. ಇಳಿ," ಅಂದರು.

ಇಳಿದೆ. ಬೈಗುಳಕ್ಕೆ ಕಾಯುತ್ತಾ ನಿಂತೆ. ಅವರು ಏಣಿ ತಂದು, ಹಗ್ಗ ಬಿಚ್ಚಿ, ಪಕ್ಕದ ಹೊಸ ತೊಲೆಗೆ ಎರಡು ಸುತ್ತು ಹಾಕಿ ಕಟ್ಟಿದರು. ನನ್ನ ಗಂಟನ್ನು ತೋರಿಸಿ, "ಇದು ಭಾರ ಬಿದ್ರೆ ಜಾರ್ತದೆ. ನೋಡು ಇಲ್ಲಿ," ಎಂದು ಬೇರೆ ಗಂಟು ಹಾಕಿ ತೋರಿಸಿದರು. ಯಾಕೆ ಹತ್ತುತ್ತೀಯ ಎಂದು ಆಮೇಲೆ ಕೇಳಿದರು. ಹೇಳಿದೆ. "ಓಹೋ," ಅಂದು ಅಂಗಡಿಗೆ ಹೋದರು. ಅಷ್ಟೇ.

ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ವಿಷಯ ತಿಳಿಯಿತು. "ಹಗ್ಗ ಹತ್ತೋ ಹುಡುಗೀನ ಯಾರು ಮದುವೆ ಆಗ್ತಾರೆ?" ಎಂದು ಅವಳು ಸಿಟ್ಟಾದಳು. ಅಪ್ಪ ರೊಟ್ಟಿ ಮುರಿಯುತ್ತಾ, "ಹಗ್ಗ ಮಾರೋನ ಮಗಳು ಇನ್ನೇನು ಹತ್ತಬೇಕು ಹೇಳು," ಅಂದರು. ಅಮ್ಮನಿಗೂ ನಗು ಬಂತು. ಆದರೆ ಅವಳ ಹೆದರಿಕೆ ಹೋಗಲಿಲ್ಲ. ಅದು ಹೋಗದಿದ್ದರೂ ಅವಳು ನನ್ನ ದಾರಿಗೆ ಅಡ್ಡ ನಿಲ್ಲಲಿಲ್ಲ.

ನಾನು ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಗ ಅಣ್ಣನಿಗೆ ಮದುವೆಯಾಯಿತು. ಅತ್ತಿಗೆ ಕಳಸದ ಕಡೆಯವರು, ತೋಟದ ಮನೆಯಲ್ಲಿ ಬೆಳೆದವರು. ಎತ್ತರದ ಆಳು, ದೊಡ್ಡ ಗಂಟಲು, ಯಾವ ಕೆಲಸಕ್ಕೂ ಹಿಂದೆ ಮುಂದೆ ನೋಡದವರು. ಆ ಹೊತ್ತಿಗೆ ನಾನು ಮಹಿಳಾ ಕಾನ್‌ಸ್ಟೇಬಲ್ ಹುದ್ದೆಗೆ ಅರ್ಜಿ ಹಾಕುವುದೆಂದು ತೀರ್ಮಾನ ಮಾಡಿದ್ದೆ. ಕಮಾಂಡೊ ಪಡೆಗೆ ನೇರವಾಗಿ ಹೋಗಲು ದಾರಿ ಇಲ್ಲ. ಮೊದಲು ಪೊಲೀಸ್ ಆಗಬೇಕು, ಮಿಕ್ಕದ್ದು ಆಮೇಲೆ ಎಂದು ನನ್ನ ಯೋಚನೆ. ಅದಕ್ಕೆ ದೇಹದಾರ್ಢ್ಯ ಪರೀಕ್ಷೆ ಪಾಸಾಗಬೇಕಿತ್ತು: ಓಟ, ಉದ್ದ ಜಿಗಿತ, ಗುಂಡು ಎಸೆತ. ಓಟಕ್ಕೂ ಜಿಗಿತಕ್ಕೂ ನನಗೆ ಭಯವಿರಲಿಲ್ಲ. ಗುಂಡು ಮಾತ್ರ ನನ್ನ ಕೈಯಿಂದ ಹೊರಟು ನನ್ನ ಕಾಲಿನ ಹತ್ತಿರವೇ ಬೀಳುತ್ತಿತ್ತು.

ಬೆಳಗಿನ ಜಾವ ಮೈದಾನಕ್ಕೆ ಒಬ್ಬಳೇ ಹೋಗಕೂಡದೆಂದು ಅಮ್ಮ ಹೇಳಿದಳು. "ನಾನು ಹೋಗ್ತೀನಿ ಬಿಡಿ ಅತ್ತೆ," ಎಂದು ಅತ್ತಿಗೆ ಮುಂದೆ ಬಂದರು. ಮದುವೆಯಾಗಿ ಇನ್ನೂ ಮನೆಯ ಪಾತ್ರೆಗಳ ಗುರುತು ಹತ್ತದ ಹೊಸ ಸೊಸೆ, ದಿನಾ ಕತ್ತಲೆ ಹರಿಯುವ ಮೊದಲೇ ಎದ್ದು, ಸೀರೆಯ ಮೇಲೆ ಅಣ್ಣನ ಸ್ವೆಟರ್ ಹಾಕಿಕೊಂಡು ನನ್ನ ಜೊತೆ ಕಾಲೇಜು ಮೈದಾನಕ್ಕೆ ಬರುತ್ತಿದ್ದರು. ಮೊದಲ ಕೆಲವು ದಿನ ಕಲ್ಲುಬೆಂಚಿನ ಮೇಲೆ ಕೂತು ನೋಡಿದರು. ಆಮೇಲೆ ಒಂದು ದಿನ ಎದ್ದು ಬಂದು, "ಎಂಥದೇ ಅದು, ಇಲ್ಲಿ ಕೊಡು ನೋಡೋಣ," ಎಂದು ಗುಂಡು ತಗೊಂಡು, ಸೆರಗು ಸೊಂಟಕ್ಕೆ ಸಿಗಿಸಿ ಎಸೆದರು. ಅದು ನನ್ನ ಗೆರೆಯನ್ನು ದಾಟಿ ಎಲ್ಲಿಗೋ ಹೋಯಿತು.

"ಅಯ್ಯೋ ಮಾರಾಯ್ತಿ, ಇಷ್ಟಕ್ಕೆ ನೀನು ತಿಂಗಳಿಂದ ಒದ್ದಾಡ್ತಿದ್ದೀಯಾ?" ಎಂದು ನಕ್ಕರು. ಆಮೇಲೆ ನನ್ನ ಭುಜ ಹಿಡಿದು ತಿರುಗಿಸಿ, "ಕೈಯಲ್ಲಿ ಎಸೀಬೇಡ. ಸೌದೆ ಹೊರೆ ತಲೆಗೆ ಏರಿಸ್ಕೊಳ್ವಾಗ ಕಾಲಿಂದ ಎದ್ದೇಳ್ತೀವಲ್ಲ, ಹಂಗೆ," ಅಂದರು. ನನಗೆ ಸೌದೆ ಹೊರೆ ಹೊತ್ತು ಗೊತ್ತಿರಲಿಲ್ಲ, ಪೇಟೆಯ ಹುಡುಗಿ. ಹಿತ್ತಿಲಿನಲ್ಲಿ ಹೊರೆ ಕಟ್ಟಿ ಎತ್ತಿಸಿ ಎತ್ತಿಸಿ ಅತ್ತಿಗೆ ಅದನ್ನೂ ಕಲಿಸಿದರು. ಅಣ್ಣ ಹಲ್ಲುಜ್ಜುತ್ತಾ ನಿಂತು ನೋಡಿ, "ಇಬ್ಬರೂ ಸೇರಿ ನನ್ನ ಎತ್ತಿ ಎಸೀರಿ ಒಂದಿನ," ಎನ್ನುತ್ತಿದ್ದ.

ಪರೀಕ್ಷೆ ಚಿಕ್ಕಮಗಳೂರಿನ ಮೈದಾನದಲ್ಲಿ. ಅತ್ತಿಗೆಯೂ ಬಂದರು. ಓಟವೂ ಜಿಗಿತವೂ ಸಲೀಸಾಗಿ ಮುಗಿದವು. ಗುಂಡು ಎಸೆತದ ಮೊದಲ ಎರಡು ಅವಕಾಶಗಳಲ್ಲಿ ಗುಂಡು ಗೆರೆ ಮುಟ್ಟಲಿಲ್ಲ. ಉಳಿದಿದ್ದು ಇನ್ನೊಂದೇ. ಗುಂಡನ್ನು ಮತ್ತೆ ಕೈಗೆತ್ತಿಕೊಂಡೆ. ಆಗ ಬೇಲಿಯ ಆಚೆಯಿಂದ ಅತ್ತಿಗೆಯ ಗಂಟಲು ಇಡೀ ಮೈದಾನಕ್ಕೆ ಕೇಳಿಸಿತು:

"ಅಲ್ಲಿ ನಿಮ್ಮಣ್ಣ ನಿಂತಿದಾನೆ ಅಂತ ತಿಳ್ಕೊಂಡು ಎಸಿಯೇ!"

ಟೇಪು ಹಿಡಿದು ನಿಂತಿದ್ದ ಪೊಲೀಸಿನವರೇ ನಕ್ಕುಬಿಟ್ಟರು. ನನಗೂ ನಗು ಬಂತು. ಸೌದೆ ಹೊರೆ ಎತ್ತುವ ಹಾಗೆ ಕಾಲಿಂದ ಎದ್ದು ಎಸೆದೆ. ಗುಂಡು ಗೆರೆ ದಾಟಿ ಬಿತ್ತು. ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತಿಗೆ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಮಾಡಿದರು. ತಾವು ಬಸುರಿ ಎನ್ನುವುದನ್ನು ಅವರು ಆ ದಿನ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮೈದಾನಕ್ಕೆ ಬಿಡುವುದಿಲ್ಲ ಎಂದು ಮುಚ್ಚಿಟ್ಟಿದ್ದರಂತೆ. ಮರುದಿನ ಅಮ್ಮನಿಂದ ಬೈಸಿಕೊಂಡರು.

ತರಬೇತಿ ಮುಗಿದು ನನಗೆ ಸಿಕ್ಕಿದ್ದು ಕಳಸದ ಕಡೆಯ ಒಂದು ಠಾಣೆ. ಜಗಳ ಬಿಡಿಸುವುದು, ಬಂದೋಬಸ್ತಿಗೆ ನಿಲ್ಲುವುದು, ಕೋರ್ಟಿಗೆ ಹೋಗಿ ಬರುವುದು. ಅದು ಎರಡು ಸಾವಿರದ ನಂತರದ ಮೊದಲ ಕೆಲವು ವರ್ಷಗಳ ಕಾಲ. ಕುದುರೆಮುಖದ ಸುತ್ತಿನ ಕಾಡುಗಳಲ್ಲಿ ಬಂದೂಕು ಹಿಡಿದ ನಕ್ಸಲ್ ತಂಡಗಳು ಓಡಾಡುತ್ತಿವೆ ಎಂಬ ಸುದ್ದಿ ಹಬ್ಬಿ, ಅವರನ್ನು ಹುಡುಕಲೆಂದು ಆಯ್ದ ಪೊಲೀಸರ ವಿಶೇಷ ಪಡೆಯೊಂದು ನಮ್ಮ ಗುಡ್ಡಗಳಿಗೇ ಬಂತು. ಠಾಣೆಯ ಮುಂದೆ ಅವರ ಜೀಪುಗಳು ನಿಂತಾಗ ನನಗೆ ಒಳಗೆ ಕೂರಲು ಆಗುತ್ತಿರಲಿಲ್ಲ. ಹುಟ್ಟಿದ ಸೀಮೆಗೇ ಕನಸು ಬಂದು ನಿಂತ ಹಾಗೆ. ಪಡೆಗೆ ಸೇರಿಸಿಕೊಳ್ಳಿ ಎಂದು ಅರ್ಜಿ ಬರೆದೆ.

ನಮ್ಮ ಠಾಣೆಯ ಎಸ್‌ಐ ಸಾಹೇಬರು ಸಮಾಧಾನದ ಮನುಷ್ಯ. ಅರ್ಜಿ ಓದಿ, ಕನ್ನಡಕ ತೆಗೆದಿಟ್ಟರು.

"ನಾನು ಇದನ್ನ ಮೇಲೆ ಕಳಿಸ್ತೀನಿ. ಆದ್ರೆ ಆಸೆ ಇಟ್ಕೋಬೇಡ. ಅಲ್ಲಿ ಹೆಂಗಸರು ಬೇಡ ಅಂತಾನೂ ಬರ್ದಿಲ್ಲ, ಬೇಕು ಅಂತಾನೂ ಬರ್ದಿಲ್ಲ. ನಿನ್ನಂಥವಳು ಬಂದು ಕೇಳ್ತಾಳೆ ಅಂತ ಯಾರೂ ಯೋಚ್ನೆನೇ ಮಾಡಿಲ್ಲಮ್ಮ."

ಉತ್ತರ ಅವರು ಹೇಳಿದಂತೆಯೇ ಬಂತು. ಅವಕಾಶವಿಲ್ಲ. ಆ ಸಂಜೆ ನಾನು ಠಾಣೆಯ ಹಿಂದೆ ನಿಂತು ಅತ್ತದ್ದು ನಿಜ. ಎಸ್‌ಐ ಸಾಹೇಬರು ಅದನ್ನು ನೋಡಿದರು, ನೋಡದವರ ಹಾಗೆ ಒಳಗೆ ಹೋದರು. ಆದರೆ ಮರೆಯಲಿಲ್ಲ. ಕೆಲವು ತಿಂಗಳ ಮೇಲೆ ಆ ಪಡೆಯ ಇನ್‌ಸ್ಪೆಕ್ಟರು ನಮ್ಮ ಠಾಣೆಗೆ ಬಂದು, ಕಾಡಂಚಿನ ಮನೆಗಳನ್ನು ತಪಾಸಣೆ ಮಾಡುವಾಗ ಹೆಂಗಸರಿದ್ದರೆ ತೊಂದರೆಯಾಗುತ್ತಿದೆ, ನಡೆಯಬಲ್ಲ ಒಬ್ಬ ಮಹಿಳಾ ಪೊಲೀಸ್ ಬೇಕು ಎಂದರು. "ನಡೆಯೋದಲ್ಲ ಸರ್, ಓಡ್ತಾಳೆ," ಎಂದು ನಮ್ಮ ಸಾಹೇಬರು ನನ್ನನ್ನು ಕರೆದರು.

ಮೊದಲ ದಿನದ ಕೂಂಬಿಂಗ್, ಅಂದರೆ ಸಾಲಾಗಿ ಕಾಡು ಜಾಲಾಡುವುದು, ಕುದುರೆಮುಖದ ಕಡೆ, ಹುಲ್ಲುಗುಡ್ಡಗಳ ಸಂದಿನ ದಟ್ಟ ಶೋಲಾ ಕಾಡಿನಲ್ಲಿ. ನನ್ನನ್ನು ಸಾಲಿನ ನಡುವೆ ಹಾಕಿದ್ದರು. ಹುಲ್ಲಿನ ಗುಡ್ಡ ಏರುವುದು, ಹಳ್ಳಕ್ಕೆ ಇಳಿಯುವುದು, ಮತ್ತೆ ಏರುವುದು. ಯಾರೂ ಮಾತಾಡುವಂತಿಲ್ಲ, ಕೆಮ್ಮುವಂತಿಲ್ಲ. ಬೂಟಿನೊಳಗೆ ರಕ್ತ ಹೀರುವ ಇಂಬಳ ಹತ್ತಿ ಸಾಕ್ಸು ಒದ್ದೆಯಾಗಿದ್ದು ಗೊತ್ತಾಗುತ್ತಿತ್ತು, ನಿಲ್ಲುವಂತಿರಲಿಲ್ಲ. ಮುಂದಿದ್ದವನು ಆಗಾಗ ತಿರುಗಿ ನಾನಿದ್ದೇನೆಯೇ ಎಂದು ನೋಡುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ನೋಡುವುದನ್ನು ಬಿಟ್ಟ. ಸಂಜೆ ಜೀಪಿನ ಹತ್ತಿರ ಬಂದಾಗ ಇನ್‌ಸ್ಪೆಕ್ಟರು, "ಇನ್ನೊಂದ್ಸಲ ಬರ್ತೀಯೇನಮ್ಮ?" ಎಂದು ಕೇಳಿದರು. ಆ ಪ್ರಶ್ನೆಗಾಗಿ ನಾನು ಅಷ್ಟು ವರ್ಷ ಕಾದಿದ್ದೆ. "ಬರ್ತೀನಿ ಸರ್," ಎಂದೆ.

ಹೀಗೆ ನಾನು ಆ ಪಡೆಯ ಜೊತೆ 'ಅಟ್ಯಾಚ್' ಆದೆ. ಹೆಸರು ಠಾಣೆಯಲ್ಲಿ, ಕೆಲಸ ಕಾಡಿನಲ್ಲಿ. ತರಬೇತಿಯಿಲ್ಲದೆ ಕರೆದೊಯ್ಯುವುದು ಅಪಾಯ ಎಂದು ಇನ್‌ಸ್ಪೆಕ್ಟರು ನನ್ನನ್ನು ಅವರ ಕ್ಯಾಂಪಿನ ತರಬೇತಿಗೂ ಹಾಕಿದರು. ಕಲಿಸುತ್ತಿದ್ದವರು ಒಬ್ಬ ಎಎಸ್‌ಐ, ವಿಜಾಪುರದ ಕಡೆಯವರು. ಬಯಲು ಸೀಮೆಯ ಆ ಮನುಷ್ಯನಿಗೆ ನಮ್ಮ ಚಳಿ ಕಂಡರೆ ಆಗುತ್ತಿರಲಿಲ್ಲ. ಬೇಸಿಗೆಯಲ್ಲೂ ಕಿವಿಗೆ ಮಫ್ಲರ್ ಸುತ್ತಿಕೊಳ್ಳುತ್ತಿದ್ದರು. ಆದರೆ ಮೈದಾನದಲ್ಲಿ ಅವರ ಮುಂದೆ ನಿಲ್ಲುವವರು ಯಾರೂ ಇರಲಿಲ್ಲ. ಗಂಡಸರಿಗೆ ಕೊಟ್ಟ ಕಸರತ್ತನ್ನೇ ನನಗೂ ಕೊಟ್ಟರು. ನಾನು ಹಿಂದೆ ಬಿದ್ದರೆ ಗಂಡಸರಿಗೆ ಬೈದ ಹಾಗೆಯೇ ನನಗೂ ಬೈದರು. ಅದು ನನಗೆ ಎಷ್ಟು ಹಿತವಾಗಿತ್ತು ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ.

ಕೊನೆಗೆ ಒಂದು ದಿನ ಬಂಡೆಯಿಂದ ಹಗ್ಗದಲ್ಲಿ ಇಳಿಯುವ ಪಾಠ ಬಂತು. ಅದಕ್ಕಾಗಿಯೇ ಪೊಲೀಸ್ ಆದವಳು ನಾನು. ಎಲ್ಲರಿಗಿಂತ ಮೊದಲು ಹೋಗಿ ಅಂಚಿನಲ್ಲಿ ನಿಂತೆ. ಕೊಂಡಿ ಹಾಕಿದರು, ಹಗ್ಗ ಬಿಗಿದರು. ಹಿಂದಕ್ಕೆ ವಾಲಬೇಕು. ಆಗಲಿಲ್ಲ. ಹಿಮ್ಮಡಿಯ ಹಿಂದೆ ಬರೀ ಗಾಳಿ. ಕೆಳಗೆ ಎಲ್ಲೋ ಸಿಲ್ವರ್ ಓಕ್ ಮರಗಳ ತುದಿ. ಹಿಂದೆ ಸಾಲಾಗಿ ನಿಂತವರು ನೋಡುತ್ತಿದ್ದಾರೆ. ಅವಮಾನಕ್ಕೆ ಕಣ್ಣು ಮಂಜಾಯಿತು.

ಎಎಸ್‌ಐ ಹತ್ತಿರ ಬಂದು ಮೆಲ್ಲಗೆ, "ಯಾಕ ನಿಂತಿ ತಂಗಿ?" ಅಂದರು.

"ಭಯ ಆಗ್ತಿದೆ ಸರ್."

"ಆಗ್ಬೇಕಲ್ಲ ಮತ್ತ. ಅಂಜಿಕಿ ಇಲ್ಲದಾಂವ ಗಂಟು ಸರಿ ನೋಡಂಗಿಲ್ಲ, ಅಂಥಾಂವನ್ನ ನಾ ಇಳಸಂಗಿಲ್ಲ. ನೀ ನಿನ್ನ ಗಂಟು ನೋಡಿಕೊ ಮೊದಲ."

ನೋಡಿಕೊಂಡೆ. ಮುಟ್ಟಿ, ಎಳೆದು, ಮತ್ತೆ ಮುಟ್ಟಿ ನೋಡಿದೆ.

"ಛಲೋ ಐತಿ? ಈಗ ಹಗ್ಗದ ಮ್ಯಾಲೆ ಕುಂಡ್ರು. ನಿಮ್ಮ ಮನ್ಯಾಗ ಕುರ್ಚಿ ಮ್ಯಾಲೆ ಕುಂತಂಗ. ಕೆಳಗ ನೋಡಬ್ಯಾಡ, ನನ್ನ ಮಾರಿ ನೋಡು."

ಅವರ ಮಫ್ಲರ್ ಸುತ್ತಿದ ಮುಖವನ್ನೇ ನೋಡುತ್ತಾ ಕೂತೆ. ಹಗ್ಗ ಹಿಡಿದುಕೊಂಡಿತು. ಒಂದು ಹೆಜ್ಜೆ, ಇನ್ನೊಂದು. ನೆಲ ಮುಟ್ಟಿದೊಡನೆ ಕೂತುಬಿಟ್ಟೆ. ಮೇಲಿನಿಂದ ಅವರು, "ಕುಂಡ್ರಬ್ಯಾಡ, ಮ್ಯಾಲೆ ಬಾ, ಇನ್ನೊಮ್ಮೆ!" ಎಂದು ಕೂಗಿದರು. ಆ ದಿನ ಅವರು ಎಷ್ಟು ಸಲ ಇಳಿಸಿದರೋ. ಸಂಜೆಯ ಹೊತ್ತಿಗೆ ನಾನು ಅತ್ತಿತ್ತ ನೋಡಿ ಗುಡ್ಡದ ಚೆಂದ ಸವಿಯುತ್ತಾ ಇಳಿಯುತ್ತಿದ್ದೆ.

ಈಗ ಹೇಳುವ ಸಂಗತಿ ನಡೆದದ್ದು ಅದಾದ ಮೇಲೆ, ಮಳೆಗಾಲ ಹಿಂದೆ ಸರಿದು ನೆಲದಲ್ಲಿ ಇನ್ನೂ ಹಸಿ ಉಳಿದಿದ್ದ ದಿನಗಳಲ್ಲಿ. ಕಳಸದ ಮೇಲಿನ ಗುಡ್ಡದಲ್ಲಿ ಒಂಟಿ ಮನೆಯೊಂದಕ್ಕೆ ಬಂದೂಕಿನವರು ಬಂದು ಹೋಗುತ್ತಾರೆ, ಈಗಲೂ ಒಳಗೆ ಇರಬಹುದು ಎಂಬ ಸುದ್ದಿ ಬಂತು. ಬಿಸಿಲೇರುವ ಹೊತ್ತಿಗೆ ಮನೆಯನ್ನು ಸುತ್ತುವರಿದೆವು. ಹಂಚಿನ ಸಣ್ಣ ಮನೆ. ಒಳಗಿನಿಂದ ಹೊಗೆ ಬರುತ್ತಿತ್ತು, ಅಂದರೆ ಯಾರೋ ಇದ್ದಾರೆ. ಇನ್‌ಸ್ಪೆಕ್ಟರು ಕರೆದರೂ ಬಾಗಿಲು ತೆರೆಯಲಿಲ್ಲ. ಒಳಗೆ ಏನೋ ಎಳೆದು ಬಾಗಿಲಿಗೆ ಒತ್ತಿದ ಸದ್ದು ಕೇಳಿಸಿತು. ಬಾಗಿಲು ಒಡೆಯಲು ಇಬ್ಬರು ಗಟ್ಟಿ ಆಳುಗಳು ಮುಂದೆ ಬಂದು ನಿಂತರು.

"ಸರ್, ನಾನೊಂದ್ಸಲ ಮಾತಾಡ್ಲಾ?" ಎಂದೆ.

ಇನ್‌ಸ್ಪೆಕ್ಟರು ಬಾಗಿಲನ್ನು ನೋಡಿದರು, ನನ್ನನ್ನು ನೋಡಿದರು. ಒಳಗೆ ಬಂದೂಕು ಇದ್ದರೆ ನಾನು ನೇರ ಅದರ ಮುಂದೆ. ಎಎಸ್‌ಐ ಅಂಗಳದಂಚಿನ ಹಲಸಿನ ಮರದ ಹಿಂದಕ್ಕೆ ಜಾಗ ಬದಲಿಸಿ, ಬಾಗಿಲು ಚೆನ್ನಾಗಿ ಕಾಣುವ ಹಾಗೆ ನಿಂತು, ಇನ್‌ಸ್ಪೆಕ್ಟರ ಕಡೆ ತಲೆಯಾಡಿಸಿದರು. ಹೋಗು ಎಂದು ಇನ್‌ಸ್ಪೆಕ್ಟರು ಕೈ ಮಾಡಿದರು. ನನ್ನ ರೈಫಲನ್ನು ಪಕ್ಕದವನಿಗೆ ಕೊಟ್ಟೆ. ಟೋಪಿ ತೆಗೆದೆ, ಜಡೆ ಕಾಣಲಿ ಎಂದು. ಅಂಗಳ ದಾಟಿ ಜಗಲಿಯ ತುದಿಯಲ್ಲಿ, ಕಲಿಸಿದ್ದಂತೆ ಬಾಗಿಲಿನ ಎದುರಿಗಲ್ಲದೆ ಪಕ್ಕಕ್ಕೆ ಕೂತೆ.

"ಅಕ್ಕಾ, ಬಾಗ್ಲು ತೆಗೀತೀರಾ?"

"ಮನೇಲಿ ಗಂಡಸರಿಲ್ಲ. ಹೋಗಿ ನೀವು." ಹೆಂಗಸಿನ ಧ್ವನಿ.

"ನಾನೂ ಹೆಂಗಸೇ ಅಕ್ಕ. ಮೂಡಿಗೆರೆಯವಳು."

ಮುಂದೇನು ಹೇಳಬೇಕೆಂದು ಯಾವ ತರಬೇತಿಯಲ್ಲೂ ಕಲಿಸಿರಲಿಲ್ಲ. ಬೂಟು ಬಿಚ್ಚಿದೆ. ಕಾಲಿನಿಂದ ರಕ್ತ ಇಳಿಯುತ್ತಿತ್ತು. ಇಂಬಳಗಳು ಇನ್ನೂ ಕಚ್ಚಿಕೊಂಡಿದ್ದವು.

"ಅಕ್ಕಾ, ಕಾಲೆಲ್ಲಾ ಇಂಬಳ ಹತ್ತಿದೆ. ಸ್ವಲ್ಪ ಸುಣ್ಣ ಇದ್ರೆ ಕೊಡ್ತೀರಾ?"

ಅಂಗಳದ ಕೋಳಿಗಳು ನನ್ನ ಬೂಟನ್ನು ಕುಕ್ಕಿ ನೋಡಿ ಹೋದವು. ಆಮೇಲೆ ಒಳಗೆ ಏನೋ ಭಾರದ್ದನ್ನು ಸರಿಸಿದ ಸದ್ದು, ಅಗುಳಿ ತೆಗೆದ ಸದ್ದು. ಬಾಗಿಲು ಕೈ ಹಿಡಿಸುವಷ್ಟು ತೆರೆಯಿತು. ಸುಣ್ಣದ ಕರಡಿಗೆ ಹಿಡಿದ ಬೆರಳುಗಳು ಹೊರಗೆ ಬಂದವು. ನಾನು ತಗೊಂಡು ಕಾಲಿಗೆ ಹಚ್ಚತೊಡಗಿದೆ. ಆಕೆ ಸಂದಿನಿಂದ ನನ್ನ ಕಾಲು ನೋಡುತ್ತಿದ್ದಳು.

"ಹಿಮ್ಮಡಿ ಹತ್ರ ಇನ್ನೊಂದಿದೆ ನೋಡಿ," ಅಂದಳು.

ಆಮೇಲೆ ಬಾಗಿಲು ಪೂರ್ತಿ ತೆರೆಯಿತು. ತಲೆಗೆ ಬಟ್ಟೆ ಕಟ್ಟಿಕೊಂಡ ಬಾಣಂತಿ, ನನಗಿಂತ ಚಿಕ್ಕವಳು. ಬಾಗಿಲಿಗೆ ಒಂದು ಒರಳನ್ನೂ ಸೌದೆಯ ಕಟ್ಟನ್ನೂ ಒತ್ತಿಟ್ಟಿದ್ದಳು. ಅದರ ಹಿಂದೆಯೇ, ಒಲೆಯ ಬಿಸಿ ತಾಕಲಿ ಎಂದು ಜಂತಿಗೆ ಸೀರೆಯ ತೊಟ್ಟಿಲು ಕಟ್ಟಿತ್ತು. ತೊಟ್ಟಿಲಿನಲ್ಲಿ ಮಗು ಮಲಗಿತ್ತು. ಬಾಗಿಲು ಒಡೆದಿದ್ದರೆ ಹಲಗೆಗಳು ಬೀಳುತ್ತಿದ್ದದ್ದು ಆ ತೊಟ್ಟಿಲಿನ ಮೇಲೇ.

ಗಂಡ ಎಸ್ಟೇಟಿನ ಕೆಲಸಕ್ಕೆ ಹೋಗಿದ್ದ, ಅತ್ತೆ ಕಳಸಕ್ಕೆ ಔಷಧಿ ತರಲು ಹೋಗಿದ್ದಳು. ಬಂದೂಕಿನವರು ಬಂದಿದ್ದರೇ ಎಂದು ಕೇಳಿದೆ. ಬಂದಿದ್ದರು, ಅಕ್ಕಿ ಕೇಳಿದರು, ಕೊಟ್ಟು ಕಳಿಸಿದೆವು ಎಂದಳು. ಆಮೇಲೆ ಸಿಟ್ಟಿನಲ್ಲಿ ಅಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಳು:

"ಅವ್ರೂ ಬಂದೂಕು ಹಿಡ್ಕೊಂಡೇ ಬಂದ್ರು, ನೀವೂ ಬಂದೂಕು ಹಿಡ್ಕೊಂಡೇ ಬಂದ್ರಿ. ನಾನು ಯಾರಿಗೆ ಬಾಗ್ಲು ತೆಗೀಬೇಕಿತ್ತು ಹೇಳಿ?"

ಸುಣ್ಣದ ಕರಡಿಗೆಯನ್ನು ಅವಳ ಕೈಗೆ ವಾಪಸ್ ಕೊಟ್ಟೆ. ಇನ್‌ಸ್ಪೆಕ್ಟರು ಬಾಗಿಲಿಗೆ ಬಂದು ತೊಟ್ಟಿಲನ್ನೂ ಬಾಗಿಲನ್ನೂ ನೋಡಿದರು. ಒಳಗೆ ಬರಲಿಲ್ಲ. ಬೇರೆ ಯಾರನ್ನೂ ಬಿಡಲಿಲ್ಲ. ಮನೆ ನೋಡುವ ಕೆಲಸ ನಾನೊಬ್ಬಳೇ ಮಾಡಿದೆ. ನೋಡಲು ಅಲ್ಲಿ ಏನಿತ್ತು, ಎರಡು ಕೋಣೆ, ಒಂದು ಅಟ್ಟ. ಎಎಸ್‌ಐ ಅಂಗಳದಲ್ಲಿಯೇ ನಿಂತು, "ಗಂಡೋ ಹೆಣ್ಣೋ?" ಎಂದು ಕೇಳಿದರು.

"ಹೆಣ್ಣು ಸರ್."

"ಶಾಣ್ಯಾ ಐತಿ. ಇಷ್ಟ ಗದ್ದಲದಾಗೂ ಎಚ್ಚರ ಆಗಿಲ್ಲ ನೋಡು," ಎಂದು ಮಫ್ಲರ್ ಬಿಗಿದುಕೊಂಡು ಆ ಕಡೆ ಮುಖ ತಿರುಗಿಸಿದರು.

ಗುಡ್ಡ ಇಳಿಯುವಾಗ ಇನ್‌ಸ್ಪೆಕ್ಟರು ನನ್ನ ಪಕ್ಕದಲ್ಲಿ ನಡೆದರು. "ಒಡೀರಿ ಅನ್ನೋಕೆ ಬಾಯಿ ತೆರೆದಿದ್ದೆ ಕಣಮ್ಮ," ಎಂದಷ್ಟೇ ಹೇಳಿದರು. ಅವರಿಗೂ ಸಣ್ಣ ಮಕ್ಕಳಿದ್ದರು. ಅಂದಿನಿಂದ ಯಾವ ಮನೆಯ ಅಂಗಳಕ್ಕೆ ಹೋದರೂ ಮೊದಲು ನನ್ನನ್ನು ಮುಂದೆ ಕರೆಯುತ್ತಿದ್ದರು. ನಾನು ಮೊದಲು ಕೂರುತ್ತಿದ್ದೆ, ಆಮೇಲೆ ಮಾತು.

ಆ ಪಡೆಯ ಜೊತೆ ಕೆಲವು ವರ್ಷ ಇದ್ದೆ. ಹೆಂಗಸರಿಗೂ ಇಲ್ಲಿ ಕಾಯಂ ಜಾಗ ಬೇಕೆಂದು ಇನ್‌ಸ್ಪೆಕ್ಟರು ನನ್ನ ಸಲುವಾಗಿ ಮೇಲಿನವರಿಗೆ ಬರೆದರು, ಮತ್ತೆ ಬರೆದರು. ಸದ್ಯಕ್ಕಿಲ್ಲ ಎಂದೇ ಉತ್ತರ ಬಂತು. ಕಾಡಿನ ಗದ್ದಲ ಕಡಿಮೆಯಾಗುತ್ತಾ ಬಂದ ಹಾಗೆ ನನ್ನನ್ನು ಠಾಣೆಗೆ ವಾಪಸ್ ಕಳಿಸುವ ಆದೇಶವೂ ಬಂತು. ಆ ಪಡೆಯ ಬಿಲ್ಲೆಯನ್ನು ನಾನು ತೋಳಿಗೆ ಒಂದು ದಿನವೂ ಹಾಕಲಿಲ್ಲ. ಬೇಸರವಾಗಲಿಲ್ಲವೇ ಎಂದು ಕೇಳುವವರಿದ್ದಾರೆ. ಆಯಿತು. ಆದರೆ ನನ್ನನ್ನು ಕರೆದುಕೊಂಡು ಹೋಗಲೇಬೇಕು ಎನ್ನುವ ನಿಯಮ ಯಾವುದೂ ಇರಲಿಲ್ಲ. ಅಪ್ಪನಿಂದ ಹಿಡಿದು ಆ ಇನ್‌ಸ್ಪೆಕ್ಟರ ತನಕ ಒಬ್ಬೊಬ್ಬರೂ ತಮಗೆ ಬೇಕೆನಿಸಿದ್ದಕ್ಕೇ ಒಂದಿಷ್ಟು ಜಾಗ ಬಿಟ್ಟುಕೊಟ್ಟರು. ಅದನ್ನು ನೆನೆದರೆ ಬೇಸರ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಕ್ಯಾಂಪಿನ ಬೆಳಗಿನ ಹಾಜರಿಯಲ್ಲಿ ನನ್ನ ಹೆಸರು ಕರೆಯುವ ಪದ್ಧತಿ ಇರಲಿಲ್ಲ. ನನ್ನ ಹಾಜರಿ ಠಾಣೆಯದು. ಸಾಲಿನಲ್ಲಿ ಸುಮ್ಮನೆ ನಿಂತಿರುತ್ತಿದ್ದೆ. ಹೊರಡುವ ದಿನ ಬೆಳಿಗ್ಗೆ ಎಎಸ್‌ಐ ಎಲ್ಲರ ಹೆಸರೂ ಕರೆದು ಮುಗಿಸಿ, ಒಂದು ಕ್ಷಣ ತಡೆದು, ಅದೇ ಗಡಸು ಧ್ವನಿಯಲ್ಲಿ ನನ್ನ ಹೆಸರನ್ನೂ ಕರೆದರು. ನನಗೆ ಗಾಬರಿಯಾಯಿತು.

"ಹಾಜರ್ ಸರ್," ಎಂದೆ.

"ಜೋರಾಗಿ ಹೇಳು!"

"ಹಾಜರ್ ಸರ್!"

ಯಾರೂ ನಗಲಿಲ್ಲ. ತಿಂಡಿಗೆ ಅವಲಕ್ಕಿ ಇತ್ತು, ಎಲ್ಲರ ಜೊತೆ ಕೂತು ತಿಂದೆ. ಜೀಪು ನನ್ನನ್ನು ಇಳಿಜಾರಿನ ರಸ್ತೆಯಲ್ಲಿ ಕೆಳಗೆ ತಂದು ಬಿಟ್ಟಿತು. ದಾರಿಯ ಎರಡೂ ಕಡೆ ತೋಟಗಳಲ್ಲಿ ಕಾಫಿ ಹಣ್ಣಾಗಿತ್ತು, ಕುಯ್ಲು ಆಗಷ್ಟೇ ಶುರುವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಠಾಣೆಯಲ್ಲಿದ್ದೆ. ಹೊರಗಿನ ಬೆಂಚಿನ ಮೇಲೆ ಒಬ್ಬ ಹೆಂಗಸು ಬೆಳಿಗ್ಗೆಯಿಂದ ಕಾಯುತ್ತಿದ್ದಾಳೆ, ಗಂಡು ಪೊಲೀಸರ ಹತ್ತಿರ ಏನೂ ಹೇಳಲೊಲ್ಲಳು ಎಂದು ಠಾಣೆಯವರು ತಿಳಿಸಿದರು. ಬ್ಯಾಗನ್ನು ಗೋಡೆಗೆ ಒರಗಿಸಿ, ಅವಳ ಪಕ್ಕದಲ್ಲಿ ಹೋಗಿ ಕೂತೆ.